ಧೂಳಿನಿಂದೇನು ಪ್ರಯೋಜನ?

ಯಾವ ವಿದ್ಯೆಯ ಪ್ರಸ್ತಾಪ ಬಂದರೂ ನಮ್ಮಲ್ಲಿ ಮೊದಲು ಏಳುವ ಪ್ರಶ್ನೆ ಒಂದೇ: ‘ಇದರಿಂದೇನು ಪ್ರಯೋಜನ?’ ಮಗನನ್ನು ಕಾಲೇಜಿಗೆ ಸೇರಿಸಬಂದ ತಂದೆ ಇದನ್ನು ಕೇಳುತ್ತಾನೆ. ಸಂಶೋಧನೆಗೆ ಹಣ ಮಂಜೂರು ಮಾಡುವ ಸಮಿತಿ ಕೇಳುತ್ತದೆ. ಪಾಠದ ನಡುವೆ ಎದ್ದುನಿಂತು ಜಾಣ ವಿದ್ಯಾರ್ಥಿಯೂ ಕೇಳುವುದುಂಟು. ಹೊಟ್ಟೆಬಟ್ಟೆಯ ಚಿಂತೆ ಇನ್ನೂ ಮುಗಿಯದ ನಾಡಿನಲ್ಲಿ ಇದು ಅಸಹಜವಾದ ಪ್ರಶ್ನೆಯೂ ಅಲ್ಲ, ಅಗೌರವದ ಪ್ರಶ್ನೆಯೂ ಅಲ್ಲ. ಆದರೆ ಉತ್ತರವನ್ನು ಕೈಯಲ್ಲಿ ಹಿಡಿದು ಬಂದ ವಿದ್ಯೆಗೆ ಮಾತ್ರ ಬಾಗಿಲು ತೆರೆಯುವೆವೆಂದು ಹಟ ಹಿಡಿದರೆ ನಷ್ಟ ನಮಗೇ. ಒಂದು ಕಾಲ ಕಲೆಹಾಕಿದ ತಿಳಿವಿನ ಪ್ರಯೋಜನ ಎಷ್ಟೋ ವೇಳೆ ಅದರ ಮುಂದಿನ ಕಾಲಕ್ಕೆ ಮಾತ್ರ ಗೊತ್ತಾಗುತ್ತದೆ. ಇದನ್ನು ತತ್ತ್ವವಾಗಿ ವಾದಿಸುವುದಕ್ಕಿಂತ ಒಬ್ಬ ಮನುಷ್ಯನ ಕೆಲಸದ ಮೂಲಕ ತೋರಿಸುವುದು ಲೇಸು. ಆ ಮನುಷ್ಯರು ಚೀನದ ಭೂವಿಜ್ಞಾನಿ ಲಿಯು ತುಂಗ್‌ಷೆಂಗ್. ತಮ್ಮ ಬಾಳಿನ ಅರ್ಧ ಶತಮಾನವನ್ನು ಅವರು ಗಾಳಿ ಹೊತ್ತು ತಂದ ಧೂಳಿನ ಅಭ್ಯಾಸಕ್ಕೆ ಕೊಟ್ಟರು.

ಉತ್ತರ ಚೀನದಲ್ಲಿ ಹ್ವಾಂಗ್‌ಹೋ, ಎಂದರೆ ಹಳದಿ ನದಿ, ತನ್ನ ನಡುವಯಸ್ಸಿನಲ್ಲಿ ಹರಿಯುವ ಸೀಮೆಯೆಲ್ಲ ಒಂದೇ ಬಗೆಯ ಮಣ್ಣಿನಿಂದ ಮುಚ್ಚಿಹೋಗಿದೆ. ತಿಳಿ ಹಳದಿ ಬಣ್ಣ, ಬೆರಳಿನಲ್ಲಿ ಉಜ್ಜಿದರೆ ಹಿಟ್ಟಿನಂತೆ ನುಣುಪು, ಕಲ್ಲಿಲ್ಲ, ಜಲ್ಲಿಯಿಲ್ಲ. ಚೀನೀಯರು ಇದನ್ನು ಹ್ವಾಂಗ್‌ತು, ಹಳದಿ ಮಣ್ಣು, ಎನ್ನುತ್ತಾರೆ; ಯೂರೋಪಿನ ಪಂಡಿತರು ರೈನ್ ಕಣಿವೆಯ ರೈತರ ಮಾತಿನಿಂದ ಎತ್ತಿಕೊಂಡು ‘ಲೋಯೆಸ್’ ಎಂದು ಕರೆದರು. ಇದು ಹರಡಿರುವ ನೆಲ ನಾಲ್ಕು ಲಕ್ಷ ಚದರ ಕಿಲೋಮೀಟರಿಗೂ ಮಿಕ್ಕದ್ದು. ನಮ್ಮ ಕರ್ನಾಟಕದ ಎರಡರಷ್ಟಕ್ಕೂ ಹೆಚ್ಚು. ಆಳವೋ, ಅನೇಕ ಕಡೆ ನೂರರಿಂದ ಇನ್ನೂರು ಮೀಟರು. ನೀರು ತಗುಲಿದರೆ ಕುಸಿದು ಕರಗುವ ಈ ಮಣ್ಣು, ಒಣಗಿದ್ದಾಗ ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ. ಅದರಲ್ಲಿ ಗುಹೆ ಕೊರೆದು ಕೋಟ್ಯಂತರ ಜನ ತಲೆತಲಾಂತರದಿಂದ ಬಾಳಿದ್ದಾರೆ. ೧೫೫೬ರ ಭೂಕಂಪದಲ್ಲಿ ಅಂಥ ಗುಹೆಮನೆಗಳು ಕುಸಿದು, ಎಂಟು ಲಕ್ಷಕ್ಕೂ ಹೆಚ್ಚು ಜನ ಸತ್ತರೆಂದು ಆ ದೇಶದ ದಾಖಲೆಗಳು ಹೇಳುತ್ತವೆ. ಮನೆಯಾಗಿ ಕಾಯ್ದದ್ದೂ ಗೋರಿಯಾಗಿ ನುಂಗಿದ್ದೂ ಅದೇ ಮಣ್ಣು.

ಇಷ್ಟು ಮಣ್ಣು ಇಲ್ಲಿಗೆ ಬಂದದ್ದಾದರೂ ಹೇಗೆ? ಹತ್ತೊಂಬತ್ತನೆಯ ಶತಮಾನದಲ್ಲಿ ಇದು ದೊಡ್ಡ ವಿವಾದವಾಗಿದ್ದಿತು. ಅಮೆರಿಕದ ಪಂಪೆಲ್ಲಿ ಎಂಬ ವಿದ್ವಾಂಸನು ಇದು ಹಿಂದಣ ಸರೋವರಗಳ ತಳದ ಕೆಸರೆಂದನು. ೧೮೬೮ರಿಂದ ೧೮೭೨ರವರೆಗೆ ಚೀನದಲ್ಲಿ ಸಂಚರಿಸಿದ ಜರ್ಮನಿಯ ರಿಖ್ತ್‌ಹೋಫೆನ್, ಇದು ನೀರು ತಂದ ಮಣ್ಣಲ್ಲ, ಗಾಳಿ ತಂದದ್ದು ಎಂದು ೧೮೭೭ರಲ್ಲಿ ಪ್ರಕಟಿಸಿದನು. ಬೆಟ್ಟದ ನೆತ್ತಿಯಲ್ಲೂ ಕಣಿವೆಯ ತಳದಲ್ಲೂ ಒಂದೇ ಕಂಬಳಿ ಹೊದಿಸಿದಂತೆ ಬಿದ್ದಿರುವುದು, ಒಳಗೆ ಸಿಗುವ ಚಿಪ್ಪುಗಳು ನೀರಿನ ಶಂಖಗಳವಲ್ಲದೆ ನೆಲದ ಬಸವನಹುಳುಗಳವಾಗಿರುವುದು, ಇವು ಅವನ ಪಕ್ಷಕ್ಕಿದ್ದ ಬಲ. ಆದರೂ ವಾದ ಮುಗಿಯಲಿಲ್ಲ. ರಷ್ಯದ ಬೆರ್ಗ್ ಎಂಬ ಪಂಡಿತನು ಇದು ಗಾಳಿಯೂ ತಂದದ್ದಲ್ಲ, ನೀರೂ ತಂದದ್ದಲ್ಲ, ಇದ್ದ ನೆಲವೇ ಶಿಥಿಲವಾಗಿ ಆದ ಮಣ್ಣು ಎಂದನು. ಪ್ರಯೋಜನದ ಕಣ್ಣಿನಿಂದ ನೋಡುವವನಿಗೆ ಇದೆಲ್ಲ ಪಂಡಿತರ ವ್ಯರ್ಥ ಕಲಹವೆಂದು ಕಂಡರೆ ಆಶ್ಚರ್ಯವಿಲ್ಲ. ಮಣ್ಣನ್ನು ಯಾರು ತಂದರೇನು? ಬೆಳೆ ಬಂದರೆ ಸಾಲದೆ?

ಲಿಯು ಹುಟ್ಟಿದ್ದು ೧೯೧೭ರಲ್ಲಿ. ಜಪಾನಿನ ಆಕ್ರಮಣಕ್ಕೆ ಬೆದರಿ ಉತ್ತರದ ಮೂರು ವಿಶ್ವವಿದ್ಯಾನಿಲಯಗಳು ಪುಸ್ತಕ ಪೆಟ್ಟಿಗೆಗಳೊಡನೆ ದಕ್ಷಿಣದ ಕುನ್‌ಮಿಂಗ್ ಊರಿಗೆ ವಲಸೆ ಹೋಗಿ ಒಂದಾಗಿ ನಡೆಸುತ್ತಿದ್ದ ವಿದ್ಯಾಲಯದಲ್ಲಿ ಓದಿ, ೧೯೪೨ರಲ್ಲಿ ಪದವಿ ಪಡೆದರು. ಮೊದಲು ಅವರು ಕೈಹಾಕಿದ್ದು ಪ್ರಾಚೀನ ಮೀನುಗಳ ಪಳೆಯುಳಿಕೆಗಳ ಅಭ್ಯಾಸಕ್ಕೆ. ಹಳದಿ ಮಣ್ಣಿನ ಕಡೆಗೆ ಅವರನ್ನು ಎಳೆದದ್ದು ಸರ್ಕಾರದ ಅಗತ್ಯ. ಮಳೆಗೆ ಕೊಚ್ಚಿಹೋದ ಮಣ್ಣು ವರ್ಷಕ್ಕೆ ನೂರಾರು ಕೋಟಿ ಟನ್ನುಗಳ ಲೆಕ್ಕದಲ್ಲಿ ಹ್ವಾಂಗ್‌ಹೋವಿಗೆ ಇಳಿಯುತ್ತಿದ್ದಿತು. ಹೂಳಿನಿಂದ ಪಾತ್ರ ಮೇಲೆದ್ದು, ನದಿ ದಡ ಮೀರಿ ಬಯಲನ್ನು ಮುಳುಗಿಸುತ್ತಿದ್ದಿತು. ಅಣೆಕಟ್ಟು ಕಟ್ಟಬೇಕು, ಮಣ್ಣನ್ನು ತಡೆಯಬೇಕು; ಅದಕ್ಕಾಗಿ ಈ ಮಣ್ಣಿನ ಗುಣವನ್ನು ಅರಿಯಬೇಕು. ಎಂದರೆ ಕೆಲಸ ಶುರುವಾದದ್ದು ಪ್ರಯೋಜನದ ಪ್ರಶ್ನೆಯಿಂದಲೇ. ಇದನ್ನು ಮರೆಮಾಚುವುದು ನ್ಯಾಯವಲ್ಲ.

೧೯೫೪ರಲ್ಲಿ ಅಣೆಕಟ್ಟಿನ ಸ್ಥಳವೆಂದು ಗೊತ್ತಾಗಿದ್ದ ಸಾನ್‌ಮೆನ್‌ಷಿಯಾ ಪ್ರದೇಶಕ್ಕೆ ಲಿಯು ಹಿರಿಯ ವಿಜ್ಞಾನಿಗಳೊಡನೆ ಹೋದರು. ಇರುಳಿನಲ್ಲಿ ದೂರದ ಇಳಿಜಾರಿನಲ್ಲಿ ಸಾಲುಸಾಲಾಗಿ, ಒಂದರ ಮೇಲೊಂದು, ದೀಪಗಳು ಕಂಡವು. ಮಹಡಿ ಮಹಡಿಯ ಮನೆಗಳಿರುವಂತೆ. ಬೆಳಗಾದ ಮೇಲೆ ನೋಡಿದರೆ ಮಹಡಿಯಿಲ್ಲ, ಮಣ್ಣಿನ ಗುಡ್ಡದಲ್ಲಿ ಕೊರೆದ ಗುಹೆಮನೆಗಳು. ಆದರೆ ಅವು ಮನಬಂದ ಎತ್ತರದಲ್ಲಿರಲಿಲ್ಲ. ಗೆರೆ ಎಳೆದಂತೆ ಸಾಲಾಗಿದ್ದವು. ಹತ್ತಿರ ಹೋಗಿ ಪರೀಕ್ಷಿಸಿದಾಗ ಕಾರಣ ತಿಳಿಯಿತು. ಹಳದಿ ಮಣ್ಣಿನ ನಡುನಡುವೆ ಕೆಂಪುಮಿಶ್ರಿತ ಮಣ್ಣಿನ ಪಟ್ಟೆಗಳು ಹಾದುಹೋಗಿವೆ; ಪ್ರತಿ ಕೆಂಪು ಪಟ್ಟೆಯ ಬುಡದಲ್ಲಿ ಸುಣ್ಣದ ಹರಳುಗಳು ಗಟ್ಟಿಯಾಗಿ ಒಂದು ಪದರವಾಗಿವೆ. ಆ ಗಟ್ಟಿ ಪದರವೇ ಸೂರಾಗಲೆಂದು ಹಳ್ಳಿಗರು ಅದರ ಕೆಳಗೆ ಮನೆ ಕೊರೆದುಕೊಂಡಿದ್ದರು. ಮಣ್ಣಿನ ಈ ಕ್ರಮವನ್ನು ಮೊದಲು ಗಮನಿಸಿದವರು ವಿಜ್ಞಾನಿಗಳಲ್ಲ, ಅಕ್ಷರವರಿಯದ ಆ ರೈತರು. ಅವರ ಅನುಭವಕ್ಕೆ ಅಷ್ಟು ಸಾಕಾಗಿದ್ದಿತು. ಸೂರು ನಿಂತರೆ ಆಯಿತು. ಲಿಯು ಅವರು ಅಲ್ಲಿಗೆ ನಿಲ್ಲದೆ ಮುಂದಿನ ಪ್ರಶ್ನೆ ಕೇಳಿದರು: ಈ ಕೆಂಪು ಪಟ್ಟೆಗಳು ಏಕೆ ಇವೆ? ಹಳದಿ, ಕೆಂಪು, ಮತ್ತೆ ಹಳದಿ, ಮತ್ತೆ ಕೆಂಪು, ಹೀಗೆ ಮರಳಿ ಮರಳಿ ಏಕೆ ಬರುತ್ತವೆ?

ಉತ್ತರ ಹೀಗಿದೆ. ಚಳಿ ಮತ್ತು ಬರ ಹೆಚ್ಚಿದ ಕಾಲದಲ್ಲಿ, ವಾಯವ್ಯದ ಮರುಭೂಮಿಗಳಿಂದ ಬೀಸುವ ಚಳಿಗಾಲದ ಗಾಳಿ ಪ್ರಬಲವಾಗಿ ಧೂಳನ್ನು ಹೊತ್ತು ತಂದು ಸುರಿಯುತ್ತದೆ. ಅದು ಹಳದಿ ಪದರ. ಹವೆ ಬೆಚ್ಚಗಾಗಿ, ತೆಂಕಣ ಕಡಲಿನಿಂದ ಮಳೆಗಾಲದ ಗಾಳಿ ಒಳನಾಡಿನವರೆಗೆ ಬಂದಾಗ ಧೂಳು ಬೀಳುವುದು ಕಡಿಮೆಯಾಗುತ್ತದೆ. ಬಿದ್ದ ಧೂಳಿನ ಮೇಲೆ ಹುಲ್ಲು ಗಿಡ ಬೆಳೆಯುತ್ತವೆ, ಹುಳುಗಳು ಕೊರೆಯುತ್ತವೆ, ಮಳೆನೀರು ಸುಣ್ಣವನ್ನು ಕರಗಿಸಿ ಕೆಳಕ್ಕೆ ಇಳಿಸುತ್ತದೆ, ಕಬ್ಬಿಣದ ಅಂಶ ತುಕ್ಕುಹಿಡಿದು ಕೆಂಪೇರುತ್ತದೆ. ಹೀಗೆ ಧೂಳು ನಿಜವಾದ ನೆಲವಾಗುತ್ತದೆ. ಮತ್ತೆ ಚಳಿ ಮರಳಿದಾಗ ಆ ನೆಲವೇ ಹೊಸ ಧೂಳಿನಡಿ ಹೂತುಹೋಗುತ್ತದೆ. ಕೆಂಪು ಪಟ್ಟೆಯೆಂದರೆ ಒಂದು ಕಾಲದಲ್ಲಿ ಹಸುರಾಗಿದ್ದು ಹೂತುಹೋದ ಭೂಮಿ. ಹಳ್ಳಿಗನ ಸೂರಿನ ಸುಣ್ಣ ಆ ಕಾಲದ ಮಳೆ ಇಳಿಸಿಟ್ಟುಹೋದದ್ದು.

ಇದನ್ನು ಒಂದು ಗುಡ್ಡದಲ್ಲಿ ನೋಡಿ ನಂಬುವಂತಿಲ್ಲ. ಲಿಯು ಮತ್ತು ಅವರ ಸಂಗಡಿಗರು ೧೯೫೦ರ ದಶಕದಲ್ಲಿ ಆ ಸೀಮೆಯನ್ನು ಅಡ್ಡಕ್ಕೂ ಉದ್ದಕ್ಕೂ ಗೆರೆ ಹಾಕಿಕೊಂಡು ಹಾದು, ಕೊರಕಲು ಕೊರಕಲಿಗೂ ಇಳಿದು ಮಾದರಿಗಳನ್ನು ಸಂಗ್ರಹಿಸಿದರು. ಆಗ ಒಂದು ಸರಳವಾದ ಸಂಗತಿ ಗೋಚರಿಸಿತು. ವಾಯವ್ಯದಲ್ಲಿ ಮಣ್ಣಿನ ಕಣ ದಪ್ಪ, ಮರಳಿನ ಹತ್ತಿರ. ಆಗ್ನೇಯಕ್ಕೆ ಹೋದಂತೆ ಕಣ ಸಣ್ಣದಾಗುತ್ತ ಕೊನೆಗೆ ಜೇಡಿಯಂತಾಗುತ್ತದೆ. ರಾಗಿ ತೂರುವಾಗ ಕಾಳು ಹತ್ತಿರ ಬಿದ್ದು ಹೊಟ್ಟು ದೂರ ಹೋಗುವುದನ್ನು ಕಂಡವರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ. ತೂರಿದವನು ವಾಯವ್ಯದ ಗಾಳಿಯೇ. ಪದರಗಳ ಹುಟ್ಟು, ಕ್ರಮ, ರಚನೆಗಳನ್ನು ವಿವರಿಸುವ ಮೂರು ಗ್ರಂಥಗಳು ೧೯೬೪ರಿಂದ ೧೯೬೬ರೊಳಗೆ ಹೊರಬಂದವು.

ಅದೇ ಸಾನ್‌ಮೆನ್‌ಷಿಯಾದಲ್ಲಿ ಅಣೆಕಟ್ಟಿನ ಗತಿ ಏನಾಯಿತೆಂಬುದನ್ನೂ ಇಲ್ಲಿ ಹೇಳಬೇಕು. ೧೯೫೭ರಲ್ಲಿ ಕಟ್ಟಲು ಆರಂಭಿಸಿ ೧೯೬೦ರಲ್ಲಿ ನೀರು ನಿಲ್ಲಿಸಿದರು. ನದಿ ತರುವ ಮಣ್ಣನ್ನು ಕಡಿಮೆಯಾಗಿ ಎಣಿಸಬೇಡಿ ಎಂದು ಹ್ವಾಂಗ್ ವಾನ್‌ಲಿ ಎಂಬ ಜಲತಜ್ಞರು ಮೊದಲೇ ಎಚ್ಚರಿಸಿದ್ದರು. ಅವರ ಮಾತು ನಡೆಯಲಿಲ್ಲ. ಎರಡು ವರ್ಷ ತುಂಬುವುದರೊಳಗೆ ಜಲಾಶಯದಲ್ಲಿ ಹೂಳು ಏರಿ, ೧೯೬೨ರಲ್ಲಿ ನೀರು ತುಂಬಿಸಿಡುವ ಕ್ರಮವನ್ನೇ ಕೈಬಿಡಬೇಕಾಯಿತು. ಆಮೇಲೆ ಕಟ್ಟೆಗೆ ಹೊಸ ತೂಬುಗಳನ್ನು ಕೊರೆದು ಮತ್ತೆ ಮತ್ತೆ ರಿಪೇರಿ ಮಾಡಬೇಕಾಯಿತು. ತಕ್ಷಣದ ಪ್ರಯೋಜನವೊಂದನ್ನೇ ಗುರಿಯಾಗಿಟ್ಟುಕೊಂಡ ಕಾರ್ಯ ಹೂಳಿನಲ್ಲಿ ಸಿಕ್ಕಿಬಿದ್ದಿತು. ‘ಈ ಪಟ್ಟೆ ಏಕೆ ಕೆಂಪು?’ ಎಂಬ, ಯಾವ ಉಪಯೋಗವೂ ಇಲ್ಲದಂತೆ ಕಂಡ ಪ್ರಶ್ನೆ ಇಂದಿಗೂ ಫಲ ಕೊಡುತ್ತಿದೆ. ಇಂಜಿನಿಯರುಗಳನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಅವಸರವು ಪ್ರಯೋಜನದ ಮಿತ್ರನಲ್ಲ ಎಂಬುದಷ್ಟೇ ನನ್ನ ಮಾತು.

ಆ ಪ್ರಶ್ನೆಯ ಫಲವಾದರೂ ಎಂಥದು? ೧೯೦೯ರ ವೇಳೆಗೆ ಪೆಂಕ್ ಮತ್ತು ಬ್ರೂಕ್ನರ್ ಎಂಬ ಇಬ್ಬರು ವಿದ್ವಾಂಸರು ಆಲ್ಪ್ಸ್ ಪರ್ವತಗಳ ಹಿಮನದಿಗಳ ಗುರುತುಗಳನ್ನು ನೋಡಿ, ಭೂಮಿ ನಾಲ್ಕು ಹಿಮಯುಗಗಳನ್ನು ಕಂಡಿದೆಯೆಂದು ಸಾರಿದ್ದರು. ಅರ್ಧ ಶತಮಾನ ಕಾಲ ಪಠ್ಯಪುಸ್ತಕಗಳಲ್ಲಿ ಆ ನಾಲ್ಕೇ ನಾಲ್ಕು. ಆದರೆ ಚೀನದ ಮಣ್ಣಿನಲ್ಲಿ ಪಟ್ಟೆಗಳು ನಾಲ್ಕಕ್ಕೆ ನಿಲ್ಲಲಿಲ್ಲ. ಹಿಮನದಿಯೊಂದು ಮುನ್ನುಗ್ಗಿದಾಗ ತನ್ನ ಹಿಂದಿನದರ ಗುರುತನ್ನು ಉಜ್ಜಿ ಅಳಿಸುತ್ತದೆ. ಧೂಳು ಹಾಗಲ್ಲ, ಹಿಂದಿನದನ್ನು ಮೇಲಿನಿಂದ ಮುಚ್ಚಿ ಕಾಪಾಡುತ್ತದೆ. ಹಾಗಾಗಿ ಆಲ್ಪ್ಸಿನಲ್ಲಿ ಅಳಿದದ್ದು ಇಲ್ಲಿ ಉಳಿದಿತ್ತು. ಮಧ್ಯಯೂರೋಪಿನ ಇಂಥದೇ ಮಣ್ಣನ್ನು ಅಭ್ಯಸಿಸಿದ ಜಾರ್ಜ್ ಕುಕ್ಲಾ ಅವರೂ ೧೯೭೦ರ ದಶಕದಲ್ಲಿ ಇದೇ ತೀರ್ಮಾನಕ್ಕೆ ಬಂದರು. ಅತ್ತ ಸಾಗರದ ತಳದಿಂದ ತೆಗೆದ ಕೆಸರಿನ ಸೂಕ್ಷ್ಮ ಚಿಪ್ಪುಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು ಕೂಡ ಹಿಮಯುಗಗಳು ನಾಲ್ಕಲ್ಲ, ಹಲವು ಎಂದರು.

ಚೀನದ ಪದರಗಳಿಗೆ ತೇದಿ ಹಾಕುವುದು ಉಳಿದಿತ್ತು. ೧೯೬೬ರಿಂದ ಹತ್ತು ವರ್ಷ ಆ ದೇಶದಲ್ಲಿ ನಡೆದ ‘ಸಾಂಸ್ಕೃತಿಕ ಕ್ರಾಂತಿ’ ವಿದ್ವಾಂಸರ ಕೆಲಸಕ್ಕೆ ದೊಡ್ಡ ವಿಘ್ನವಾಯಿತು. ೧೯೮೨ರಲ್ಲಿ ಸ್ವಿಟ್ಜರ್‌ಲೆಂಡಿನ ಫ್ರೀಡ್ರಿಖ್ ಹೆಲ್ಲರ್ ಅವರೊಡನೆ ಸೇರಿ ಲಿಯು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನ ಆ ಕೊರತೆಯನ್ನು ತುಂಬಿತು. ಧೂಳಿನಲ್ಲಿರುವ ಕಬ್ಬಿಣದ ಕಣಗಳು ನೆಲೆಗೊಳ್ಳುವಾಗ ಭೂಮಿಯ ಕಾಂತಶಕ್ತಿಯ ದಿಕ್ಕನ್ನು ಅನುಸರಿಸಿ ನಿಲ್ಲುತ್ತವೆ. ಆ ದಿಕ್ಕು ಭೂಚರಿತ್ರೆಯಲ್ಲಿ ಅನೇಕ ಬಾರಿ ತಿರುಗುಮುರುಗಾಗಿದೆ. ಕೊನೆಯ ಬಾರಿ ಪೂರ್ಣವಾಗಿ ತಿರುಗಿದ್ದು ಸುಮಾರು ೭,೮೦,೦೦೦ ವರ್ಷಗಳ ಹಿಂದೆ. ಷಾನ್‌ಷಿ ಪ್ರಾಂತ್ಯದ ಲುವೊಚುವಾನ್ ಎಂಬಲ್ಲಿ ಸುಮಾರು ೧೩೫ ಮೀಟರು ಆಳದ ಕೊರಕಲಿನಲ್ಲಿ ಈ ತಿರುವುಗಳನ್ನು ಗುರುತಿಸಿ, ತಳದ ಮಣ್ಣು ಸುಮಾರು ೨೪ ಲಕ್ಷ ವರ್ಷಗಳಷ್ಟು ಹಳೆಯದೆಂದು ಅವರು ಲೆಕ್ಕಹಾಕಿದರು; ಈಚಿನ ಗಣನೆಯಂತೆ ಅದು ೨೬ ಲಕ್ಷದ ಸಮೀಪ. ಎಂದರೆ ಸರಾಸರಿ ಸಾವಿರ ವರ್ಷಕ್ಕೆ ಐದು ಸೆಂಟಿಮೀಟರು ಧೂಳು! ಒಂದು ಸಾಮ್ರಾಜ್ಯ ಹುಟ್ಟಿ ಅಳಿಯುವ ಕಾಲಕ್ಕೆ ಒಂದು ಬೆರಳಿನ ಅಗಲ.

ಹಳಗನ್ನಡ ಕಾವ್ಯಗಳನ್ನು ಸಂಪಾದಿಸುವವರು ಒಂದೇ ಓಲೆಪ್ರತಿಯನ್ನು ನೆಚ್ಚುವುದಿಲ್ಲ. ಹುಳು ತಿಂದ ಎಡೆ, ಲಿಪಿಕಾರನ ಕೈತಪ್ಪು, ಬಿಟ್ಟುಹೋದ ಪದ್ಯ, ಇವನ್ನು ಬೇರೆ ಬೇರೆ ಪ್ರತಿಗಳನ್ನು ಹೋಲಿಸಿ ಸರಿಪಡಿಸುತ್ತಾರೆ. ಭೂಮಿಯ ಹವಾಗುಣದ ಚರಿತ್ರೆಗೂ ಈಗ ಮೂರು ಪ್ರತಿಗಳು ದೊರೆತಂತಾಯಿತು: ಕಡಲ ತಳದ ಕೆಸರು, ಧ್ರುವಗಳ ಮಂಜುಗಡ್ಡೆ, ಚೀನದ ಹಳದಿ ಮಣ್ಣು. ಕೆಸರು, ಮಂಜು ಎರಡೂ ಮನುಷ್ಯನ ವಾಸದಿಂದ ದೂರ. ಜನ ಉತ್ತು ಬಿತ್ತಿ ಬಾಳಿದ ನೆಲದ ಮೇಲೆಯೇ ಉಳಿದಿರುವ ಪ್ರತಿ ಈ ಮಣ್ಣು. ಅದರಲ್ಲಿಯೂ ಮಳೆಗಾಲದ ಗಾಳಿಯ ಏರಿಳಿತವನ್ನು ಇಷ್ಟು ನಿಚ್ಚಳವಾಗಿ ಹೇಳುವ ಪ್ರತಿ. ಮೂರರಲ್ಲಿಯೂ ಮುಖ್ಯ ಪಾಠ ಒಂದೇ ಆಗಿರುವುದರಿಂದ ನಂಬಿಕೆ ಗಟ್ಟಿಯಾಗುತ್ತದೆ. ೨೦೦೨ರಲ್ಲಿ ಲಿಯು ಅವರೂ ಸೇರಿ ಪ್ರಕಟಿಸಿದ ಮತ್ತೊಂದು ಲೇಖನ, ಗಾನ್ಸು ಪ್ರಾಂತ್ಯದ ಚಿನ್‌ಆನ್ ಎಂಬಲ್ಲಿ ಈ ಧೂಳಿನ ಕಥೆ ೨ ಕೋಟಿ ೨೦ ಲಕ್ಷ ವರ್ಷಗಳಷ್ಟು ಹಿಂದಕ್ಕೆ ಹೋಗುತ್ತದೆಂದು ತೋರಿಸಿತು. ಆಗ ಅವರ ವಯಸ್ಸು ಎಂಬತ್ತು ದಾಟಿತ್ತು. ಅದೇ ವರ್ಷ ಪರಿಸರ ವಿಜ್ಞಾನದ ಟೈಲರ್ ಪ್ರಶಸ್ತಿ ಅವರಿಗೂ ಅಮೆರಿಕದ ವಾಲೇಸ್ ಬ್ರೋಕರ್ ಅವರಿಗೂ ಒಟ್ಟಾಗಿ ಸಂದಿತು. ೨೦೦೮ರಲ್ಲಿ ಲಿಯು ತೀರಿಕೊಂಡರು.

ಈಗ ಪ್ರಯೋಜನದ ಮಾತಿಗೆ ಬರೋಣ. ಭೂಮಿಯ ಹವೆ ಕಾಯುತ್ತಿದೆ ಎಂಬ ಎಚ್ಚರಿಕೆ ಕೇಳಿದಾಗಲೆಲ್ಲ ಒಂದು ಸಮಾಧಾನವೂ ಜೊತೆಗೇ ಕೇಳಿಬರುತ್ತದೆ: ‘ಹವಾಗುಣ ಹಿಂದೆಯೂ ಬದಲಾಗಿತ್ತಲ್ಲ! ಈಗಲೂ ಹಾಗೆಯೇ.’ ಈ ಮಾತನ್ನು ಆಡುವವರಿಗೆ ಆಧಾರವನ್ನು ಒದಗಿಸಿದ್ದೇ ಲಿಯು ಅವರಂಥವರ ಸಂಶೋಧನೆ. ಆದರೆ ಅವರು ಆ ಪ್ರತಿಯ ಮೊದಲ ಸಾಲನ್ನು ಮಾತ್ರ ಓದಿದ್ದಾರೆ. ಪೂರ್ತಿ ಓದಿದರೆ ಸಮಾಧಾನ ಉಳಿಯುವುದಿಲ್ಲ. ಕಳೆದ ಎಂಟು ಲಕ್ಷ ವರ್ಷಗಳ ಏರಿಳಿತಕ್ಕೆ ಒಂದು ತಾಳವಿದೆ. ಸೂರ್ಯನ ಸುತ್ತ ಭೂಮಿ ಸುತ್ತುವ ದಾರಿಯಲ್ಲಿಯೂ ಅದರ ವಾಲುವಿಕೆಯಲ್ಲಿಯೂ ಆಗುವ ನಿಧಾನದ ವ್ಯತ್ಯಾಸಗಳೊಡನೆ ಆ ತಾಳ ಹೊಂದುತ್ತದೆ. ಕಳೆದ ಹಿಮಯುಗದ ಪರಮಾವಧಿಯಲ್ಲಿ ಭೂಮಿ ಇಂದಿಗಿಂತ ಸರಾಸರಿ ಐದಾರು ಡಿಗ್ರಿಯಷ್ಟು ಮಾತ್ರ ತಣ್ಣಗಿತ್ತು. ಅಷ್ಟು ಸಾಕಾಯಿತು, ಹಸುರು ನೆಲವನ್ನು ಧೂಳಿನಡಿ ಹೂಳಲು. ಅಲ್ಲಿಂದ ಇಂದಿನ ಬೆಚ್ಚನೆಯ ಕಾಲಕ್ಕೆ ಬರಲು ಹತ್ತು ಸಾವಿರ ವರ್ಷಗಳಷ್ಟು ಹಿಡಿದವು. ಮನುಷ್ಯ ಬೇಸಾಯ ಕಲಿತದ್ದು, ಊರು ಕಟ್ಟಿದ್ದು, ಲಿಪಿ ಬರೆದದ್ದು, ಎಲ್ಲವೂ ಈಚಿನ ಒಂದೇ ಒಂದು ಬೆಚ್ಚನೆಯ ಅವಧಿಯಲ್ಲಿ. ಹನ್ನೊಂದು ಚಿಲ್ಲರೆ ಸಾವಿರ ವರ್ಷಗಳ ಆ ಅವಧಿ ಮಣ್ಣಿನಲ್ಲಿ ಎಲ್ಲಕ್ಕಿಂತ ಮೇಲಿನ ಒಂದು ತೆಳುಪಟ್ಟೆ. ಮಂಜುಗಡ್ಡೆಯ ಗುಳ್ಳೆಗಳ ಸಾಕ್ಷ್ಯದಂತೆ, ಎಂಟು ಲಕ್ಷ ವರ್ಷಗಳಲ್ಲಿ ಗಾಳಿಯಲ್ಲಿದ್ದ ಇಂಗಾಲಾಮ್ಲವು ಹತ್ತು ಲಕ್ಷ ಪಾಲಿಗೆ ೩೦೦ ಪಾಲನ್ನು ಮೀರಿರಲಿಲ್ಲ; ಇಂದು ೪೨೦ನ್ನೂ ದಾಟಿದೆ. ನಿಸರ್ಗವು ಸಾವಿರಾರು ವರ್ಷಗಳಲ್ಲಿ ಮಾಡಿದ್ದಕ್ಕಿಂತ ಹೆಚ್ಚಿನದನ್ನು ನಾವು ನೂರೈವತ್ತು ವರ್ಷಗಳಲ್ಲಿ ಮಾಡಿದ್ದೇವೆ. ಹವಾಗುಣ ಹಿಂದೆ ಬದಲಾಗಿತ್ತೆಂಬುದು ಧೈರ್ಯದ ಮಾತಲ್ಲ. ಅದು ಎಷ್ಟು ಸುಲಭವಾಗಿ ಅಲುಗಾಡುವ ವಸ್ತುವೆಂಬುದಕ್ಕೆ ಸಾಕ್ಷಿ.

೧೯೫೪ರಲ್ಲಿ ಯಾವ ಸಮಿತಿಯಾದರೂ ಲಿಯು ಅವರನ್ನು, ‘ಕೆಂಪು ಪಟ್ಟೆಯಿಂದೇನು ಪ್ರಯೋಜನ?’ ಎಂದು ಕೇಳಿದ್ದರೆ ಅವರು ಈ ಉತ್ತರವನ್ನು ಕೊಡಲಾರದೆ ಹೋಗುತ್ತಿದ್ದರು. ಇಂಗಾಲಾಮ್ಲದ ಪ್ರಮಾಣವನ್ನು ವರ್ಷವರ್ಷವೂ ತಪ್ಪದೆ ಅಳೆಯುವ ಏರ್ಪಾಡು ಹವಾಯಿ ದ್ವೀಪದಲ್ಲಿ ಆರಂಭವಾದದ್ದೇ ೧೯೫೮ರಲ್ಲಿ. ಉತ್ತರ ಸಿದ್ಧವಾಗುವುದಕ್ಕೆ ಮೊದಲೇ ಕೆಲಸ ನಡೆದಿರಬೇಕಾಗಿತ್ತು, ಪುಣ್ಯಕ್ಕೆ ನಡೆದಿತ್ತು.

ಹಾಗಾದರೆ ಕಂಡಕಂಡ ಸಂಶೋಧನೆಗೆಲ್ಲ ಬೊಕ್ಕಸ ತೆರೆಯಬೇಕೆ ಎಂದು ಯಾರಾದರೂ ಆಕ್ಷೇಪಿಸಬಹುದು. ಬೇಡ. ಹೆಸರಿಗೆ ಮಾತ್ರ ಸಂಶೋಧನೆಯಾದದ್ದು ನಮ್ಮಲ್ಲಿಯೂ ಸಾಕಷ್ಟಿದೆ. ಆದರೆ ಒಳ್ಳೆಯದನ್ನು ಗುರುತಿಸುವ ಒರೆಗಲ್ಲು ಪ್ರಯೋಜನವೊಂದೇ ಆಗಬಾರದು. ಪ್ರಶ್ನೆ ನಿಜವಾದುದೇ, ಅದನ್ನು ಬಿಡದೆ ಬೆನ್ನಟ್ಟುವ ಶ್ರದ್ಧೆ ಇದೆಯೇ, ಕಂಡದ್ದನ್ನು ಇತರರು ಪರೀಕ್ಷಿಸುವಂತೆ ಬರೆದಿಡುತ್ತಾರೆಯೇ ಎಂದು ನೋಡುವುದು ಸಾಧ್ಯ. ಲಿಯು ಅವರ ಕೆಲಸ ನದಿಯ ಹೂಳಿನಿಂದ ಶುರುವಾಗಿ ಭೂಮಿಯ ಚರಿತ್ರೆಯವರೆಗೆ ಹೋಯಿತು. ಪ್ರಯೋಜನವನ್ನು ಅವರು ತುಚ್ಛವಾಗಿ ಕಾಣಲಿಲ್ಲ. ಅದು ತೋರಿಸಿದ ಬಾಗಿಲಿನಿಂದ ಒಳಹೊಕ್ಕು, ಹೊಸ್ತಿಲಲ್ಲೇ ಕೂರದೆ ಮುಂದೆ ನಡೆದರು.

ನಮ್ಮ ದೇಶಕ್ಕೂ ಈ ವಿಷಯ ದೂರದ್ದಲ್ಲ. ಕಾಶ್ಮೀರದ ಕರೇವಾ ದಿಣ್ಣೆಗಳ ಮೇಲೆ, ಕುಂಕುಮಕೇಸರಿ ಬೆಳೆಯುವ ಆ ನೆಲದಲ್ಲಿ, ಇಂಥದೇ ಗಾಳಿ ತಂದ ಮಣ್ಣೂ ಹೂತುಹೋದ ನೆಲದ ಪಟ್ಟೆಗಳೂ ಇವೆ. ಅಹಮದಾಬಾದಿನ ಭೌತ ಸಂಶೋಧನಾಲಯದ ಡಿ. ಪಿ. ಅಗ್ರವಾಲ್ ಮತ್ತು ಸಂಗಡಿಗರು ಹಲವು ವರ್ಷ ಅವನ್ನು ಅಭ್ಯಸಿಸಿದರು. ಆ ದಿಣ್ಣೆಗಳ ಮಣ್ಣನ್ನು ಇಟ್ಟಿಗೆಗೂ ಕಟ್ಟಡಗಳಿಗೂ ದಾರಿಯ ಏರಿಗಳಿಗೂ ಅಗೆದು ಸಾಗಿಸುವುದು ನಡೆದುಬಂದಿದೆ. ಇಟ್ಟಿಗೆಯ ಬೆಲೆ ಎಲ್ಲರಿಗೂ ಗೊತ್ತು. ಪಟ್ಟೆಗಳ ಬೆಲೆ ಗೊತ್ತಿರುವವರು ಕೆಲವರೇ. ಅಗೆದದ್ದನ್ನು ಮತ್ತೆ ಅದೇ ಕ್ರಮದಲ್ಲಿ ಜೋಡಿಸುವುದು ಯಾರಿಂದಲೂ ಆಗದು.

ಆದುದರಿಂದ ಉಪಾಧ್ಯಾಯರಲ್ಲಿ ಒಂದು ಅರಿಕೆ. ತರಗತಿಯಲ್ಲಿ ಹುಡುಗನೊಬ್ಬ ‘ಇದರಿಂದೇನು ಪ್ರಯೋಜನ?’ ಎಂದು ಕೇಳಿದರೆ ಗದರಿಸಬೇಡಿ; ಸುಳ್ಳು ಪ್ರಯೋಜನವೊಂದನ್ನು ಹುಟ್ಟಿಸಿಯೂ ಹೇಳಬೇಡಿ. ಇಂದು ನನಗೆ ತಿಳಿಯದು, ಆದರೂ ಇದು ತಿಳಿಯತಕ್ಕದ್ದು ಎಂದು ಹೇಳುವ ಧೈರ್ಯ ಇರಲಿ. ಆಮೇಲೆ ಅವನನ್ನು ಊರಾಚೆಯ ಹಳ್ಳದ ದಂಡೆಗೆ ಕರೆದೊಯ್ದು, ಕೊರೆದ ಮಣ್ಣಿನಲ್ಲಿ ಎಷ್ಟು ಪದರಗಳಿವೆ ಎಂದು ಎಣಿಸಹೇಳಿ.